ಹಾಲಿನ ಗಂಟು

ಆ ದೊಡ್ಡಾಸ್ಪತ್ರೆಯ ಬಾಣಂತಿಯರ ವಾರ್ಡಿನಲ್ಲಿ ಮೂವತ್ತೊಂದು ವರ್ಷದಿಂದ ಆಯಾ ಆಗಿದ್ದವಳನ್ನು ಎಲ್ಲರೂ ಹಾಲಮ್ಮ ಎಂದೇ ಕರೆಯುತ್ತಿದ್ದರು. ಅದು ಅವಳ ಹೆಸರಲ್ಲ. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿತ್ತು, ಅದನ್ನು ಓದುವವರೂ ಓದುವಾಗ ಒಂದು ಕ್ಷಣ ಇದು ಯಾರಪ್ಪಾ ಅಂದುಕೊಳ್ಳುತ್ತಿದ್ದರು.

ಹೆರಿಗೆಯಾದ ಮೂರನೇ ದಿನ ಎದೆ ಕಲ್ಲಾಗಿ, ಬಟ್ಟೆ ತಾಗಿದರೂ ಚೀರುವ ಹುಡುಗಿಯರಿರುತ್ತಾರಲ್ಲ, ಅವರ ಪಾಲಿಗೆ ಇವಳನ್ನು ಬಿಟ್ಟರೆ ಡಾಕ್ಟರಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲು ಹೊದಿಸಿ, ಎರಡೂ ಹೆಬ್ಬೆರಳಿಗೆ ಬೆಚ್ಚಗಿನ ಎಣ್ಣೆ ಸವರಿಕೊಂಡು, ಕಂಕುಳಿಂದ ಶುರು ಮಾಡಿ ತೊಟ್ಟಿನ ಕಡೆಗೆ ಒತ್ತುತ್ತ ಬಂದಳೆಂದರೆ ಕಾಲುಗಂಟೆಯಲ್ಲಿ ಹಾಲು ಒಸರಬೇಕು. ಒಸರುತ್ತಿತ್ತು ಕೂಡ. "ಕರಗುತ್ತೆ ಬಿಡು, ನನ್ನ ಕೈಗೆ ಸಿಕ್ಕಿ ಕರಗದೇ ಇರೋ ಗಂಟು ಇನ್ನೂ ಹುಟ್ಟಿಲ್ಲ" ಅನ್ನೋದು ಅವಳ ಮಾಮೂಲಿ ಮಾತು. ಅತ್ತ ಹುಡುಗಿ ಅಳು ನಿಲ್ಲಿಸಿ ನಗುವಷ್ಟರಲ್ಲಿ ಇತ್ತ ಹಾಲಮ್ಮ ಪಕ್ಕದ ಮಂಚಕ್ಕೆ ಹೋಗಿರುತ್ತಿದ್ದಳು. ದೊಡ್ಡ ದೊಡ್ಡ ಓದು ಓದಿದ ಡಾಕ್ಟರುಗಳೇ "ಹಾಲಮ್ಮನ್ನ ಕರೀರಿ" ಅಂತ ಹೇಳಿಕಳಿಸುತ್ತಿದ್ದರು. ಹೀಗೆ ಮೂವತ್ತೊಂದು ವರ್ಷ ಕರೆಸಿಕೊಂಡರೆ ಯಾರಿಗೆ ತಾನೇ ತಲೆ ತಿರುಗೋದಿಲ್ಲ ಹೇಳಿ. ಅವಳಿಗೂ ತಿರುಗಿತ್ತು.

ವಾರ್ಡಿನ ಗೋಡೆಯ ಮೇಲೆ ಒಂದು ಚಿತ್ರಪಟ ಇತ್ತು. ಮಗುವಿಗೆ ಹಾಲೂಡಿಸುವ ತಾಯಿ, ಕೆಳಗೆ ದಪ್ಪಕ್ಷರದಲ್ಲಿ, ಮೊಲೆಯೂಡಿಸುವ ತಾಯಿಗೆ ಸ್ತನ ಕ್ಯಾನ್ಸರಿನ ಅಪಾಯ ಕಡಿಮೆ ಅಂತ. ಬರೆದವರು ಸುಳ್ಳೇನೂ ಬರೆದಿರಲಿಲ್ಲ. ಆದರೆ ಹಾಲಮ್ಮ ಅದನ್ನು ಬಾಣಂತಿಯರಿಗೆ ಹೇಳುವಾಗ ಅಪಾಯವೇ ಇಲ್ಲ ಅನ್ನುತ್ತಿದ್ದಳು. ಹೇಳಿ ಹೇಳಿ ತಾನೂ ನಂಬಿಬಿಟ್ಟಿದ್ದಳು.

ಅವಳಿಗೆ ಇದ್ದದ್ದು ಒಬ್ಬಳೇ ಮಗಳು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ಮಿತಭಾಷಿ. ಅಳಿಯ ಲಿಫ್ಟ್ ರಿಪೇರಿ ಮಾಡುವವನು, ಒಳ್ಳೆಯವನೇ. ಮದುವೆಯಾಗಿ ಏಳು ವರ್ಷದಲ್ಲಿ ಮಗಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋಯಿತು, ಒಂದು ಮೂರು ತಿಂಗಳಿಗೆ, ಇನ್ನೊಂದು ಐದು ತುಂಬಿದ ಮೇಲೆ. ಊರಿನ ಹೆಂಗಸರಿಗೆಲ್ಲ ಹಾಲು ಬರಿಸುವ ಹಾಲಮ್ಮನ ಮನೇಲೇ ಮಗುವಿಲ್ಲ ಅಂತ ವಾರ್ಡಿನಲ್ಲಿ ಪಿಸುಪಿಸು ನಡೆದದ್ದು ಅವಳ ಕಿವಿಗೂ ಬಿದ್ದಿತ್ತು. ಮೂರನೆಯದು ಉಳಿಯಿತು. ಮೂವತ್ತಾರನೇ ವಯಸ್ಸಿಗೆ ಮಗಳು ಒಂದು ಹೆಣ್ಣುಮಗುವನ್ನು ಹೆತ್ತಳು. ಅವತ್ತು ಹಾಲಮ್ಮ ವಾರ್ಡಿನಲ್ಲಿ ಎದೆ ಸೆಟೆಸಿ ನಡೆದದ್ದನ್ನು ನೋಡಬೇಕಿತ್ತು.

ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ ಮಗಳು ಎಡಗಡೆ, ಕಂಕುಳ ಹತ್ತಿರ ಏನೋ ಸಿಗುತ್ತೆ ಅಂದಳು. ಹಾಲಮ್ಮ ಮುಟ್ಟಿ ನೋಡಿದಳು. ಕಡಲೆಕಾಳಿನಷ್ಟು.

"ಹಾಲಿನ ಗಂಟು ಕಣೆ. ಅಂಗಡಿ ಅಂಗಡಿ ಅಂತ ಹೊತ್ತಿಗೆ ಸರಿಯಾಗಿ ಕುಡಿಸಲ್ಲ, ಗಂಟಾಗದೆ ಇನ್ನೇನಾಗುತ್ತೆ?"

"ಆದ್ರೆ ನೋವೇ ಇಲ್ಲವಲ್ಲಮ್ಮ."

"ನೋವಿಲ್ಲ ಅಂದ್ರೆ ಒಳ್ಳೇದಾಯ್ತಲ್ಲ. ಬಂದೋರೆಲ್ಲ ನೋವು ನೋವು ಅಂತ ಸಾಯ್ತಾರೆ, ನೀನು ಇಲ್ಲ ಅಂತ ಸಾಯ್ತೀಯ."

ಅಲ್ಲಿಂದ ದಿನಾ ಸಂಜೆ ಕೆಲಸ ಮುಗಿಸಿ ಮಗಳ ಮನೆಗೆ ಬಂದು, ಟವೆಲು ಹಾಕಿ, ಎಣ್ಣೆ ಸವರಿ, ಒತ್ತತೊಡಗಿದಳು. ಒಂದು ತಿಂಗಳಾಯಿತು, ಎರಡು ತಿಂಗಳಾಯಿತು. ಗಂಟು ಕರಗಲಿಲ್ಲ. ಮಗುವಿನ ಎಂಟನೇ ತಿಂಗಳಿಗೆ ಅದು ನೆಲ್ಲಿಕಾಯಿಯಷ್ಟಾಗಿತ್ತು, ಹೆಬ್ಬೆರಳಿಗೆ ಜಾರುತ್ತಲೂ ಇರಲಿಲ್ಲ, ಇದ್ದಲ್ಲೇ ಗೂಟ ಹೊಡೆದು ಕೂತಿತ್ತು. ಹಾಲಿನ ಗಂಟಿಗೆ ಈ ಹಠ ಇರೋದಿಲ್ಲ. ಇದು ಅವಳ ಕೈಗೆ ಗೊತ್ತಾಗಿತ್ತು. ಸಾವಿರಾರು ಎದೆ ಮುಟ್ಟಿದ ಕೈ ಅದು, ಅದಕ್ಕೆ ಗೊತ್ತಾಗದೆ ಇರುತ್ತದೆಯೇ? ಬಾಯಿ ಮಾತ್ರ ಒಪ್ಪಲಿಲ್ಲ.

"ಡಾಕ್ಟರಿಗೆ ತೋರಿಸಲಾ ಅಮ್ಮ?" ಅಂತ ಮಗಳು ಕೇಳಿದ್ದು ಆಗಲೇ.

"ಏನಂತ ತೋರಿಸ್ತೀಯ? ಹಾಲಮ್ಮನ ಮಗಳು ಹಾಲಿನ ಗಂಟು ತೋರಿಸೋಕೆ ಬಂದಿದಾಳೆ ಅಂತ ಆಸ್ಪತ್ರೆಗೆ ಆಸ್ಪತ್ರೆಯೇ ಬಿದ್ದು ಬಿದ್ದು ನಗಲಿ ಅಂತಲಾ? ಸೂಜಿ ಚುಚ್ಚಿ ಇರೋ ಹಾಲನ್ನೂ ನಿಲ್ಲಿಸಿಬಿಡ್ತಾರೆ. ಮಗು ಹಾಲು ಬಿಡಲಿ, ತಾನಾಗಿ ಹೋಗುತ್ತೆ."

ಮಗಳು ಮರುಮಾತಾಡಲಿಲ್ಲ. ಮರುಮಾತಾಡುವ ಹಾಗೆ ಹಾಲಮ್ಮ ಅವಳನ್ನು ಬೆಳೆಸಿಯೂ ಇರಲಿಲ್ಲ.

ಮಗುವಿಗೆ ಹದಿನಾಲ್ಕು ತಿಂಗಳು ತುಂಬಿದಾಗ ಒಂದು ಮಧ್ಯಾಹ್ನ ಕನ್ನಡಕದಂಗಡಿಯಲ್ಲಿ ಮೇಲಿನ ಗೂಡಿನಿಂದ ಪೆಟ್ಟಿಗೆ ಇಳಿಸಲು ಹೋದ ಮಗಳ ಕೈ ಭುಜದಿಂದ ಮೇಲೆ ಏಳಲಿಲ್ಲ. ಅಂಗಡಿಯ ಮಾಲಕಿ ಗಟ್ಟಿಗಿತ್ತಿ, ಹಿಂದಿನ ಕೋಣೆಗೆ ಕರೆದೊಯ್ದು ನೋಡಿದಳು. ಎದೆಯ ಚರ್ಮ ಒಳಕ್ಕೆ ಎಳೆದುಕೊಂಡಿತ್ತು. ಅಂಗಡಿಗೆ ಬಾಗಿಲೆಳೆದು, ಮಗಳನ್ನು ಆಟೋ ಹತ್ತಿಸಿ ಅದೇ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಬಾಣಂತಿಯರ ವಾರ್ಡಿಗೂ ಕ್ಯಾನ್ಸರ್ ವಿಭಾಗಕ್ಕೂ ನಡುವೆ ಇದ್ದದ್ದು ಒಂದು ಉದ್ದನೆಯ ಪಡಸಾಲೆ ಮಾತ್ರ. ಮೂವತ್ತೊಂದು ವರ್ಷದಲ್ಲಿ ಹಾಲಮ್ಮ ಆ ಕಡೆ ನಾಲ್ಕು ಸಲ ಹೋಗಿದ್ದರೆ ಹೆಚ್ಚು.

ಸೂಜಿ ಹಾಕಿ ತೆಗೆದ ಚೂರಿನ ವರದಿ ಬಂದ ದಿನ ಡಾಕ್ಟರ ಮುಂದೆ ಮೂವರೂ ಕೂತರು. ಮಗಳು ನಡುವೆ, ಅಳಿಯ ಒಂದು ಕಡೆ, ಹಾಲಮ್ಮ ಇನ್ನೊಂದು ಕಡೆ. ಡಾಕ್ಟರು ನಡುವಯಸ್ಸಿನ ಹೆಂಗಸು, ಧ್ವನಿ ಮೆತ್ತಗೆ. ಕ್ಯಾನ್ಸರ್ ಅಂತ ಹೇಳಿದರು, ಕಂಕುಳ ಗ್ರಂಥಿಗೂ ಹೋಗಿದೆ ಅಂದರು. ಆಮೇಲೆ ಒಂದು ಹಾಳೆ ಎಳೆದುಕೊಂಡು, ಕೆಲವು ವಿಷಯ ಕೇಳಬೇಕು ಅಂದರು.

ಮೊದಲ ಸಲ ಮುಟ್ಟಾದದ್ದು ಎಷ್ಟನೇ ವಯಸ್ಸಿಗೆ? ಹದಿಮೂರು. ಎಷ್ಟು ಸಲ ಬಸಿರು? ಮೂರು. ಉಳಿದದ್ದು? ಒಂದು. ಮೊದಲ ಹೆರಿಗೆಯಾದಾಗ ವಯಸ್ಸು? ಮೂವತ್ತಾರು. ಎಷ್ಟು ತಿಂಗಳು ಹಾಲೂಡಿಸಿದಿರಿ? ಇನ್ನೂ ಊಡಿಸ್ತಿದೀನಿ. ಮಗಳು ಅಂಗಡಿಯಲ್ಲಿ ಗಾಜಿನ ಅಳತೆ ಹೇಳುವ ಹಾಗೆ ಒಂದೊಂದನ್ನೇ ಹೇಳುತ್ತ ಹೋದಳು.

"ಗಂಟು ಮೊದಲು ಕೈಗೆ ಸಿಕ್ಕಿದ್ದು ಯಾವಾಗ?"

ಅಳಿಯ ನೆಲ ನೋಡುತ್ತಿದ್ದ.

"ಎರಡು ತಿಂಗಳಾಯ್ತು" ಅಂದಳು ಮಗಳು.

ಡಾಕ್ಟರು ಪೆನ್ನು ನಿಲ್ಲಿಸಿದರು. "ಬರೀ ಎರಡು ತಿಂಗಳಾ? ಸರಿಯಾಗಿ ನೆನಪಿದೆಯಾ?"

"ಹೌದು."

ಡಾಕ್ಟರು ಬರೆದುಕೊಂಡರು. ಬರೆದಾದ ಮೇಲೆ ಹೇಳಿದರು. ಹೆಚ್ಚು ಮಕ್ಕಳು, ಹೆಚ್ಚು ಹಾಲೂಡಿಕೆ ಅಂದರೆ ಒಟ್ಟಿನಲ್ಲಿ ಈ ರೋಗ ಬರುವುದು ಕಡಿಮೆ, ಅದು ನಿಜ. ಆದರೆ ಹೆರಿಗೆಯಾಗಿ ಕೆಲವು ವರ್ಷದೊಳಗೆ ಬರುವ ಗಂಟಿನ ದಾರಿಯೇ ಬೇರೆ. ಅಂಥವರಲ್ಲಿ ಉಳಿದುಕೊಳ್ಳುವವರ ಪ್ರಮಾಣ ಸ್ವಲ್ಪ ಕಡಿಮೆ. ಯಾಕೆ ಅಂತ ಇನ್ನೂ ಹುಡುಕುತ್ತಿದ್ದಾರೆ.

"ಎಷ್ಟೋ ಜನರಲ್ಲಿ ತಡ ಆಗಿರುತ್ತೆ" ಅಂದರು ಡಾಕ್ಟರು. "ಹಾಲಿನ ಗಂಟು ಅಂದ್ಕೊಂಡು ತಿಂಗಳುಗಟ್ಟಲೆ ಮನೇಲಿ ಕೂತಿರ್ತಾರೆ. ನೀವು ಹಾಗೆ ಮಾಡಿಲ್ಲ, ಬೇಗ ಬಂದಿದೀರಿ. ಎರಡೇ ತಿಂಗಳಲ್ಲಿ ಇಷ್ಟು ಬೆಳೆದಿದೆ ಅಂದ್ರೆ ನಿಮ್ಮದರಲ್ಲಿ ತಡದ ಮಾತು ಬರಲ್ಲ. ಹೆರಿಗೆ ಆದ ಮೇಲಿನ ಆ ಜಾತಿಯದೇ ಅನ್ನಿಸುತ್ತೆ. ಇದರಲ್ಲಿ ಯಾರ ತಪ್ಪೂ ಇಲ್ಲ."

ಯಾರ ತಪ್ಪೂ ಇಲ್ಲ. ಈ ಮಾತು ಕೇಳಿದ್ದೇ ಹಾಲಮ್ಮನಿಗೆ, ವರದಿ ಬಂದಾಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಉಸಿರು ಹೊರಗೆ ಬಂತು. ಛೀ, ಎಂಥ ಹೆಂಗಸು! ಮಗಳು ಸಾವಿನ ಮುಂದೆ ಕೂತಿದ್ದಾಳೆ, ಇವಳಿಗೆ ತಾನು ಗೆದ್ದೆ ಅನ್ನಿಸಿತು. ಹಾಗನ್ನಿಸಿದ್ದು ಅವಳಿಗೂ ಗೊತ್ತಾಯಿತು, ಗೊತ್ತಾಗಿ ಮೈಯೆಲ್ಲ ಕಹಿಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಮಾರನೇ ದಿನ ಮಗಳೊಬ್ಬಳೇ ಇದ್ದಾಗ ಕೇಳಿದಳು. "ಯಾಕೆ ಹಾಗಂದೆ? ಹತ್ತು ತಿಂಗಳಾಗಿತ್ತಲ್ಲೇ."

ಮಗಳು ಮಗುವಿನ ಬಟ್ಟೆ ಮಡಚುತ್ತಿದ್ದಳು. "ನಿಜ ಹೇಳಿದ್ರೆ ಅತ್ತೆಯವರು ನಿನ್ನನ್ನ ಈ ಹೊಸ್ತಿಲು ತುಳಿಯೋಕೆ ಬಿಡ್ತಿದ್ರಾ? ನಾನು ಹೋದ ಮೇಲೆ ಇವಳನ್ನ ಯಾರು ನೋಡ್ಕೋತಾರೆ?"

"ಬಿಡ್ತು ಅನ್ನು. ಹೋಗೋ ಮಾತಾಡ್ಬೇಡ."

"ಸರಿ, ಆಡಲ್ಲ. ನೀನೂ ಆಡ್ಬೇಡ."

ಹಾಲಮ್ಮ ರಜೆ ಹಾಕಿ ಮಗಳ ಮನೆಯಲ್ಲೇ ನಿಂತಳು. ಔಷಧಿ ಶುರುವಾಯಿತು. ಮಗು ಬಾಟಲಿ ಹಾಲಿಗೆ ಬಂತು, ಮಗಳ ತಲೆಗೂದಲು ಬಾಚಣಿಗೆಗೆ ಬಂತು. ಒಂದು ತುತ್ತು ಗಂಜಿ ಇಳಿಸುವುದರೊಳಗೆ ಮೂರು ಸಲ ವಾಂತಿ. ಎರಡನೇ ವಾರಕ್ಕೆ ಬೀಗಿತ್ತಿ, ಅಂದರೆ ಅಳಿಯನ ತಾಯಿ, ಪೆಟ್ಟಿಗೆ ಸಮೇತ ಬಂದಿಳಿದಳು. ಕೆಟ್ಟವಳೇನಲ್ಲ, ಪಾತ್ರೆ ತೊಳೆಯುತ್ತಿದ್ದಳು, ಸೊಸೆಯ ಕಾಲೊತ್ತುತ್ತಿದ್ದಳು. ಆದರೆ ಬಾಯಿಗೂ ಮನಸ್ಸಿಗೂ ನಡುವೆ ಬಾಗಿಲು ಇಲ್ಲದ ಹೆಂಗಸು. ಬಂದ ದಿನವೇ ಅಡುಗೆಮನೆಯಲ್ಲಿ ಕೇಳಿದಳು.

"ಅಲ್ಲ ಬೀಗ್ರೇ, ಗಟ್ಟಿಮುಟ್ಟಾಗಿದ್ದ ಹುಡುಗಿಗೆ ಇದೆಲ್ಲಿಂದ ಬಂತು?"

ಹಾಲಮ್ಮ ಸುಮ್ಮನಿರಬಹುದಿತ್ತು. ಗೊತ್ತಿಲ್ಲ ಅನ್ನಬಹುದಿತ್ತು. "ಹೆರಿಗೆಯಿಂದ ಬಂದದ್ದಂತೆ" ಅಂದಳು. "ಡಾಕ್ಟ್ರೇ ಹೇಳಿದ್ರು. ಹೆರಿಗೆ ಆದ್ಮೇಲೆ ಬರೋ ಜಾತಿಯಂತೆ."

ಅಷ್ಟು ಸಾಕಾಯಿತು. ಹೆರಿಗೆ ಅಂದಮೇಲೆ ಅದರ ಇನ್ನೊಂದು ತುದಿಯಲ್ಲಿ ಮಗು ಇರಲೇಬೇಕಲ್ಲ. ಒಂದು ವಾರದೊಳಗೆ ಮನೆಯಲ್ಲಿ ಮಾತು ತಿರುಗಿತು. ಮೊದಲು ಬೀಗಿತ್ತಿ ನಿಟ್ಟುಸಿರು ಬಿಟ್ಟು, ಎರಡು ಸಲ ಉಳಿಯದೇ ಇದ್ದದ್ದು ಸುಮ್ಮನೆ ಅಲ್ಲ ಅಂದಳು. ಆಮೇಲೆ ಕಾಲ್ಗುಣ ಅಂದಳು. ಆಮೇಲೆ ಮಗು ಹತ್ತಿರ ಬಂದಾಗಲೆಲ್ಲ, "ಹೋಗೇ, ನಿನ್ನಮ್ಮನ್ನ ತಿಂದಿದ್ದು ಸಾಲದಾ?" ಅಂತ ಅರ್ಧ ತಮಾಷೆ ಅರ್ಧ ನಿಜ ಮಾಡಿ ಬೈಯತೊಡಗಿದಳು. ಮಗುವಿಗೆ ಏನು ತಿಳಿಯುತ್ತದೆ? ಬೈದರೂ ಹಲ್ಲು ಬಿಡುತ್ತಿತ್ತು.

ಹಾಲಮ್ಮ ಹೆಚ್ಚು ನೋಡಲಾರದೆ ಹೋದದ್ದು ಅಳಿಯನನ್ನು. ಮಗು ಅಂದರೆ ಜೀವ ಬಿಡುತ್ತಿದ್ದ ಗಂಡಸು. ಕೆಲಸದಿಂದ ಬಂದು ಕೈಯ ಗ್ರೀಸು ತೊಳೆಯುವ ಮೊದಲೇ ಮಗಳೇ ಮಗಳೇ ಅಂತ ಕೂಗುತ್ತ ಬರುತ್ತಿದ್ದವನು. ಈಗ ಬಂದವನು ಕುರ್ಚಿ ಎಳೆದು ಕೂತು ಗೋಡೆ ನೋಡುತ್ತಿದ್ದ. ಮಗು ತಪ್ಪು ಹೆಜ್ಜೆ ಹಾಕುತ್ತ ಬಂದು ಅವನ ಮೊಣಕಾಲು ಹಿಡಿದರೆ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಎದ್ದು ಬಾಲ್ಕನಿಗೆ ಹೋಗುತ್ತಿದ್ದ. ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಬೆರಳು ಬಿಡಿಸುತ್ತಿದ್ದ. ಮೊದಮೊದಲು ಮಗು ಮತ್ತೆ ಹೋಗಿ ಹಿಡಿಯುತ್ತಿತ್ತು. ದಿನ ಕಳೆದ ಹಾಗೆ ಹೋಗುವುದನ್ನು ಬಿಟ್ಟಿತು.

ಹೇಳಿಬಿಡಬೇಕು ಅಂತ ಹಾಲಮ್ಮ ದಿನಾ ಅಂದುಕೊಳ್ಳುತ್ತಿದ್ದಳು. ಹೇಳಿದರೆ ತನ್ನನ್ನು ಮನೆಯಿಂದ ಅಟ್ಟುತ್ತಾರೆ. ಅಟ್ಟಿದರೆ ಮಗಳಿಗೆ ಗಂಜಿ ಕುಡಿಸುವವರು ಯಾರು, ಮಗುವನ್ನು ನೋಡುವವರು ಯಾರು. ಇದೇ ಲೆಕ್ಕಾಚಾರ ದಿನಾ. ಮಗಳ ಮಾತು ಉಳಿಸಬೇಕು ಅನ್ನೋ ನೆಪ ಬೇರೆ. ಆದರೆ ಒಳಗೊಳಗೆ ಅವಳಿಗೇ ಗೊತ್ತಿತ್ತು, ಇದು ಮಗುವಿನ ಮೇಲಿನ ಕಾಳಜಿ ಅಷ್ಟೇ ಅಲ್ಲ. ಹಾಲಮ್ಮನ ಕೈಯೇ ಮಗಳನ್ನು ಕೆಡಿಸಿತು ಅಂತ ಆ ಉದ್ದನೆಯ ಪಡಸಾಲೆಯ ತುಂಬ ಮಾತಾಗುವುದನ್ನು ಅವಳಿಗೆ ಊಹಿಸಿಕೊಳ್ಳಲೂ ಆಗುತ್ತಿರಲಿಲ್ಲ. ಹದಿನಾರು ತಿಂಗಳ ಕೂಸು ಆ ಭಾರ ಹೊರುತ್ತಿತ್ತು, ಇವಳು ಅದಕ್ಕೆ ಬಾಟಲಿ ಹಿಡಿಯುತ್ತಿದ್ದಳು.

ಔಷಧಿಯ ನಾಲ್ಕನೇ ಸುತ್ತು ಮುಗಿದ ಮೇಲೆ ಒಂದು ಭಾನುವಾರ ಊಟವಾಗಿ, ಮಗಳು ಒಳಗೆ ಮಲಗಿದ್ದಾಗ, ಬೀಗಿತ್ತಿ ವಿಷಯ ತೆಗೆದಳು. ಅವಳ ತಂಗಿಯ ಮಗಳಿಗೆ ಮಕ್ಕಳಿಲ್ಲ, ಇರುವುದು ದೂರದ ಊರಲ್ಲಿ, ಮಗುವನ್ನು ಸಾಕಿಕೊಳ್ಳಲು ಒಪ್ಪಿದ್ದಾಳೆ. ಬರುವ ವಾರ ಬಂದು ಕರೆದುಕೊಂಡು ಹೋಗುತ್ತಾಳೆ.

"ಸ್ವಲ್ಪ ದಿನಕ್ಕಾ?" ಅಂದಳು ಹಾಲಮ್ಮ.

"ಸ್ವಲ್ಪ ದಿನ ಅಂತಲೇ ಇಟ್ಕೊಳ್ಳಿ. ಆಮೇಲೆ ನೋಡೋಣ. ಅದು ಕಣ್ಮುಂದೆ ಇದ್ರೆ ಸೊಸೆ ಚೇತರಿಸ್ಕೊಳ್ಳಲ್ಲ ಬೀಗ್ರೇ. ನೋಡಿದಾಗಲೆಲ್ಲ ಇದರಿಂದ ನಂಗೆ ಹೀಗಾಯ್ತು ಅನ್ನಿಸಲ್ವಾ? ಇವನಿಗೂ ಅಷ್ಟೆ. ಮುಖ ನೋಡಿ ಹೇಗಾಗಿದೆ."

ಹಾಲಮ್ಮ ಅಳಿಯನ ಕಡೆ ನೋಡಿದಳು. ಬೇಡ ಅನ್ನುತ್ತಾನೆ ಅಂತ ಕಾದಳು. ಅವನು ಕೈಯಲ್ಲಿದ್ದ ಲೋಟ ತಿರುಗಿಸುತ್ತ, "ಅಮ್ಮ ಹೇಳೋದರಲ್ಲೂ ಅರ್ಥ ಇದೆ" ಅಂದ.

ಮಗು ಮೂಲೆಯಲ್ಲಿ ಕೂತು ಒಂದು ಖಾಲಿ ಡಬ್ಬಿಗೆ ಮುಚ್ಚಳ ಹಾಕಿ ತೆಗೆದು ಮಾಡುತ್ತಿತ್ತು. ಹಾಲಮ್ಮ ಎದ್ದು ನಿಂತಳು. ನಿಂತ ಮೇಲೆ ಯಾಕೆ ನಿಂತೆ ಅಂತ ಒಂದು ಕ್ಷಣ ಅವಳಿಗೇ ಗೊತ್ತಾಗಲಿಲ್ಲ.

"ಮಗೂನ ಎಲ್ಲಿಗೂ ಕಳಿಸಬೇಡಿ. ಮಗುವಿನಿಂದ ಏನೂ ಆಗಿಲ್ಲ. ಆಗಿರೋದು ನನ್ನಿಂದ."

ಬೀಗಿತ್ತಿ, "ಅಯ್ಯೋ, ನಿಮ್ಮಿಂದ ಏನಾಗುತ್ತೆ ಬೀಗ್ರೇ" ಅನ್ನಲು ಬಂದಳು.

"ಸ್ವಲ್ಪ ಸುಮ್ಮನಿರಿ. ಈಗ ಹೇಳ್ದಿದ್ರೆ ಮತ್ತೆ ಹೇಳೋಕಾಗಲ್ಲ ನನ್ನ ಕೈಲಿ. ಗಂಟು ಸಿಕ್ಕಿದ್ದು ಮಗುವಿಗೆ ನಾಲ್ಕು ತಿಂಗಳಿದ್ದಾಗ. ಎರಡು ತಿಂಗಳು ಅಂತ ಅವಳು ಡಾಕ್ಟರ ಮುಂದೆ ಹೇಳಿದ್ದು ಸುಳ್ಳು. ನನ್ನ ಮಾನ ಉಳಿಸೋಕೆ ಹೇಳಿದ್ದು. ನಾನೇ ಹಾಲಿನ ಗಂಟು ಅಂದೆ. ಹತ್ತು ತಿಂಗಳು ದಿನಾ ಉಜ್ಜಿದೆ. ಡಾಕ್ಟರ ಹತ್ರ ಹೋಗ್ತೀನಿ ಅಂದಳು, ಬೇಡ ಅಂದೆ. ಮಗುವಿನ ಎಂಟನೇ ತಿಂಗಳಲ್ಲೇ ನನ್ನ ಕೈಗೆ ಗೊತ್ತಾಗಿತ್ತು ಇದು ಬೇರೆ ಅಂತ. ಗೊತ್ತಿದ್ದೂ ತಡೆದೆ. ನಗ್ತಾರೆ ಅಂತ ತಡೆದೆ. ಅವತ್ತೇ ಹೋಗಿದ್ರೆ ಕಂಕುಳಿಗೆ ಹೋಗ್ತಿತ್ತೋ ಇಲ್ಲವೋ. ಅಟ್ಟೋದಿದ್ರೆ ನನ್ನನ್ನ ಅಟ್ಟಿ. ಅದನ್ನ ಕಳಿಸಬೇಡಿ."

ಬೀಗಿತ್ತಿ ಬಾಯಿ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟಳು. ಹಾಲಮ್ಮ ಅಳಿಯನ ಬಯ್ಗುಳಕ್ಕೆ ಕಾದಳು. ಕೈಯೆತ್ತಿದರೂ ಆಗಲಿ, ಹೊಡೆಸಿಕೊಳ್ಳುವುದೇ ಸರಿ ಅಂತ ಎದೆ ಗಟ್ಟಿ ಮಾಡಿಕೊಂಡಿದ್ದಳು.

ಅವನು ಲೋಟ ಕೆಳಗಿಟ್ಟ. "ನಂಗೆ ಗೊತ್ತು ಅತ್ತೆ" ಅಂದ.

"ಏನು ಗೊತ್ತು?"

"ಎಲ್ಲಾ. ಎಂಟನೇ ತಿಂಗಳಲ್ಲೇ ನಂಗೂ ಹೇಳಿದ್ಲು. ಅಮ್ಮ ಬೇಡ ಅಂತಾರೆ, ನೀವಾದ್ರೂ ಕರ್ಕೊಂಡು ಹೋಗ್ರೀ ಅಂದ್ಲು. ನಾನು ಟಿವಿ ನೋಡ್ತಿದ್ದೆ. ಮೂವತ್ತು ವರ್ಷ ಇದೇ ಕೆಲಸ ಮಾಡಿದೋರು ಹೇಳ್ತಿದಾರೆ, ನೀನೇನು ಅವರಿಗಿಂತ ತಿಳಿದವಳಾ ಅಂತ ಬೈದೆ. ಆಮೇಲೆ ಅವಳು ಕೇಳಲಿಲ್ಲ. ನಾನೂ ಕೇಳಲಿಲ್ಲ." ಅವನ ಧ್ವನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಅವತ್ತು ಡಾಕ್ಟ್ರು ಯಾವಾಗ ಸಿಕ್ತು ಅಂದಾಗ ನನ್ನ ಹೆಸರೂ ಹೇಳ್ತಾಳೆ ಅಂತ ಕಾದೆ. ಹೇಳಲಿಲ್ಲ. ಹೆರಿಗೆಯದು, ಯಾರ ತಪ್ಪೂ ಅಲ್ಲ ಅಂದಾಗ ನಂಗೆ ಉಸಿರು ಬಂದ ಹಾಗಾಯ್ತು ಅತ್ತೆ."

ಹಾಲಮ್ಮ ಅವನ ಮುಖ ನೋಡಿದಳು. ಅದೇ ಕೋಣೆಯಲ್ಲಿ, ಅದೇ ಗಳಿಗೆಯಲ್ಲಿ, ಮಗಳ ಎರಡೂ ಪಕ್ಕದಲ್ಲಿ ಕೂತು ಇಬ್ಬರೂ ಒಂದೇ ಉಸಿರು ಬಿಟ್ಟಿದ್ದರು. ಇವನನ್ನು ಬಯ್ಯಬೇಕೆಂದರೆ ಅವಳಿಗೆ ಯಾವ ಬಾಯಿ ಇದೆ? ತನ್ನನ್ನು ಬಯ್ಯಲು ಇವನಿಗಾದರೂ ಯಾವ ಬಾಯಿ? ಅವನು ಮಗುವಿನ ಬೆರಳು ಬಿಡಿಸುತ್ತಿದ್ದದ್ದು ಮಗುವಿನ ಮೇಲಿನ ಸಿಟ್ಟಿಗಲ್ಲ, ಅದರ ಮುಖ ನೋಡಲಾರದೆ ಅಂತ ಈಗ ತಿಳಿಯಿತು. ತಿಳಿದು ಏನುಪಯೋಗ, ಬೆರಳಂತೂ ಬಿಡಿಸಿಯಾಗಿತ್ತು.

"ಹಾಗಾದ್ರೆ ಕಳಿಸೋಕೆ ಯಾಕೆ ಒಪ್ಕೊಂಡ್ರಿ?" ಅಂದಳು ಹಾಲಮ್ಮ.

ಅವನು ಮತ್ತೆ ಲೋಟಕ್ಕೆ ಕೈ ಹಾಕಿದ.

ಉತ್ತರ ಬಂದದ್ದು ಒಳಕೋಣೆಯ ಬಾಗಿಲಿಂದ. ಮಗಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ತಲೆಗೆ ಕಟ್ಟಿದ್ದ ಬಟ್ಟೆ ಜಾರಿತ್ತು, ಸರಿಮಾಡಿಕೊಳ್ಳಲು ಎಡಗೈ ಏಳುತ್ತಿರಲಿಲ್ಲ, ಬಲಗೈ ಚೌಕಟ್ಟು ಬಿಡುವ ಹಾಗಿರಲಿಲ್ಲ.

"ಅದು ಕಣ್ಮುಂದೆ ಇಲ್ದಿದ್ರೆ ನಿಮ್ಮಿಬ್ಬರಿಗೂ ಸಲೀಸು, ಅದಕ್ಕೆ" ಅಂದಳು. "ನಾನು ಸುಳ್ಳು ಹೇಳಿದ್ದು ನಿಮ್ಮಿಬ್ಬರಿಗೋಸ್ಕರ. ಇಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನ ಹೊರಗೆ ಹಾಕಬಾರದು, ನಾನಿಲ್ದಿದ್ರೂ ಇಬ್ಬರೂ ಸೇರಿ ಇವಳನ್ನ ನೋಡ್ಕೊಳ್ಳಿ ಅಂತ ಹೇಳ್ದೆ. ಇಬ್ಬರೂ ಸೇರಿ ಇವಳ ತಲೆಗೇ ಕಟ್ಟಿದ್ರಿ."

ಅವಳು ಮೂಲೆಯಲ್ಲಿದ್ದ ಮಗುವಿನ ಕಡೆ ನೋಡಿದಳು.

"ಯಾರಾದ್ರೂ ಒಬ್ಬರು ಎತ್ಕೊಳ್ಳಿ ಅವಳನ್ನ. ನನ್ನ ಕೈಲಿ ಆಗಲ್ಲ."

ಇಬ್ಬರೂ ಒಟ್ಟಿಗೇ ಹೊರಟರು. ಅಳಿಯ ಮೊದಲು ತಲುಪಿದ. ಮಗುವಿನ ಮುಂದೆ ಮಂಡಿಯೂರಿ ಕೂತು ಎರಡೂ ಕೈ ಚಾಚಿ, "ಬಾ ಮಗಳೇ" ಅಂದ. ಎಷ್ಟೋ ವಾರಗಳ ಮೇಲೆ ಅಂದಿದ್ದ. ಮಗು ಆ ಕೈಗಳನ್ನು ನೋಡಿತು. ಅವನ ಮುಖ ನೋಡಿತು. ಅವನ ಹಿಂದೆ ನಿಂತಿದ್ದ ಅಜ್ಜಿಯನ್ನೂ ಒಮ್ಮೆ ನೋಡಿತು. ಡಬ್ಬಿ ಬಿಟ್ಟು ಎದ್ದು, ಗೋಡೆ ಹಿಡಿದುಕೊಂಡು, ಇಬ್ಬರನ್ನೂ ಸುತ್ತಿ ಹಾಯ್ದು ಬಾಗಿಲ ಹತ್ತಿರ ಹೋಯಿತು. ತಾಯಿಯ ಕಾಲು ತಬ್ಬಿಕೊಂಡು, ಎತ್ತಿಕೋ ಅಂತ ಕೈ ಮೇಲೆ ಮಾಡಿತು.

ಮಗಳು ಬಗ್ಗಲು ನೋಡಿದಳು. ಆಗಲಿಲ್ಲ.